ಮೂರನೇ ಸಾಲಿನ ಕೈ

ಮೂರನೇ ಸಾಲಿನಲ್ಲಿ ಒಂದು ಕೈ ಏಳುತ್ತಿದೆ, ಭಾವನದೇ — ಇಲ್ಲ, ಕನ್ನಡಕ ಸರಿಮಾಡಿಕೊಂಡರು ಅಷ್ಟೇ, ನನ್ನ ಎದೆ ಮಾತ್ರ ಡವಡವ, ಪರದೆಯ ಮೇಲೆ ನನ್ನ ನಕ್ಷೆಯ ಗೆರೆ ಸಮಾಧಾನವಾಗಿ ಮಲಗಿದೆ, ಜನರ ದುಡ್ಡು ಕೂಡಿಸಿ ಷೇರು ಕೊಳ್ಳುವ ಫಂಡ್‌ಗಳು ಷೇರುಪೇಟೆಯ ಏರಿಳಿತವನ್ನು ತಗ್ಗಿಸುತ್ತವೆ ಎಂದು ಈಗಷ್ಟೇ ನನ್ನ ಪ್ರಬಂಧದಲ್ಲಿ ಓದಿದೆ, ಎಲ್ಲರೂ ತಲೆದೂಗಿದರು, ಭಾವ ಗೆರೆಯನ್ನೇ ನೋಡುತ್ತಿದ್ದಾರೆ, ನೋಡದೆ ಏನು ಮಾಡಿಯಾರು, ಇಂಥದೇ ಒಂದು ಫಂಡ್ ನಡೆಸಿದವರು, ಅದು ಮುಚ್ಚಿದ ಮೇಲೆ ನೆಂಟರಿಗೂ ಮುಖ ತೋರಿಸದೆ ಮನೆಯಲ್ಲೇ ಕೂತವರು, ಆಗೊಮ್ಮೆ ಅಕ್ಕ ತೊಳೆದಿಟ್ಟ ಲೋಟಗಳನ್ನು ಅಡುಗೆಮನೆಯ ಮೇಜಿನ ಮೇಲೆ ಸಾಲಾಗಿಟ್ಟು, ನೋಡು ಪುಟ್ಟಿ, ದುಡ್ಡು ಹಾಕಿದೋರೆಲ್ಲ ಒಟ್ಟಿಗೆ ವಾಪಸ್ ಕೇಳಿದ್ರು, ಸಿಕ್ಕಿದ ರೇಟಿಗೆ ಷೇರು ಮಾರಿದೆ, ನಾನು ಮಾರಿದ್ದಕ್ಕೆ ರೇಟು ಬಿತ್ತು, ರೇಟು ಬಿತ್ತಂತ ಪಕ್ಕದ ಫಂಡಿನವರೂ ಮಾರಿದ್ರು, ಹೇಳುತ್ತಾ ಒಂದೊಂದೇ ಲೋಟ ಬೋರಲು ಹಾಕಿದರು — ನನ್ನ ಸಂಶೋಧನೆ ಹುಟ್ಟಿದ್ದೇ ಆ ಮೇಜಿನ ಮೇಲೆ, ಮುಚ್ಚಿಹೋದ ಫಂಡ್‌ಗಳನ್ನೂ ಸೇರಿಸಿದಾಗ ಗೆರೆ ಭಾವ ಹೇಳಿದಂತೆಯೇ ಕುಸಿದಿತ್ತು, ಕಣ್ಣಾರೆ ಕಂಡಿದ್ದೆ, ಗೈಡ್ ಮೇಡಂ ಅಂದರು, ಸತ್ತಿದ್ದನ್ನೆಲ್ಲ ಯಾಕಮ್ಮ ಎಳ್ಕೊಂಡು ಬರ್ತೀಯ, ಅವುಗಳ ಮಾಹಿತಿನೂ ಅರೆಬರೆ, ಬದುಕಿರೋದನ್ನಷ್ಟೇ ತಗೋ, ಪೇಪರ್ ಅಚ್ಚುಕಟ್ಟಾಗುತ್ತೆ, ಅಚ್ಚುಕಟ್ಟಾಯಿತು, ಅವರೇನೂ ಒತ್ತಾಯ ಮಾಡಲಿಲ್ಲ, ಒಂದು ಗುಂಡಿ ಒತ್ತಿ ಭಾವನನ್ನು ಅಳಿಸಿದ್ದು ನಾನು.

ಹಿಂದಿನಿಂದ ಯಾರೋ ಕೇಳುತ್ತಿದ್ದಾರೆ, ಮುಚ್ಚಿಹೋದ ಫಂಡ್‌ಗಳೂ ಇದರಲ್ಲಿ ಇದಾವಾ ಮೇಡಂ, ಇಲ್ಲ ಅನ್ನು, ಅವನ್ನು ಸೇರಿಸಿದರೆ ಗೆರೆ ಕುಸಿದುಬೀಳುತ್ತೆ ಅನ್ನು, ನಾನೋ — ಅವು ಸಣ್ಣಪುಟ್ಟವು, ಸರಿಯಾಗಿ ನಡೆಸೋಕೆ ಬಾರದವರ ಫಂಡ್‌ಗಳು, ಲೆಕ್ಕಕ್ಕೆ ಬರೋದಿಲ್ಲ — ಅಯ್ಯೋ, ಏನಂದೆ, ಅವರ ಎದುರಿಗೇ, ನನ್ನ ಮಾತು ಕೇಳಲೆಂದೇ ಇಸ್ತ್ರಿಯ ಅಂಗಿ ತೊಟ್ಟು ಬಂದಿದ್ದಾರೆ, ಅಕ್ಕ ಬಾಗಿಲಲ್ಲಿ ಕಾಲರ್ ಸರಿಮಾಡಿ ಕಳಿಸಿರುತ್ತಾಳೆ, ನಾಚಿಕೆ, ಕಿವಿಯವರೆಗೂ ಸುಡುತ್ತಿದೆ, ಇನ್ನು ಅವರ ಮನೆಯ ಮೆಟ್ಟಿಲು ಯಾವ ಮುಖ ಹೊತ್ತು ಹತ್ತಲಿ, ಕೊನೆಯ ಪ್ರಶ್ನೆ ಯಾರದಾದರೂ ಇದೆಯೇ ಅನ್ನುತ್ತಿದ್ದಾರೆ ಅಧ್ಯಕ್ಷರು, ಮೂರನೇ ಸಾಲಿನಲ್ಲಿ ಕೈ ಎದ್ದಿತು, ಈ ಸಲ ಕನ್ನಡಕಕ್ಕಲ್ಲ, ಕೇಳಿ ಭಾವ, ಕೇಳಿಬಿಡಿ, ನಿಮಗೆ ಗೊತ್ತಿದೆ, ನನಗೂ ಗೊತ್ತಿದೆ, ಭಾವ ನನ್ನ ಮುಖ ನೋಡಿದರು, ಕೈ ಅಲ್ಲೇ ನಿಂತಿತು, ಇಳಿಯಿತು, ಇಡೀ ಸಭೆಗಿಂತ ಮೊದಲು ಚಪ್ಪಾಳೆ ಶುರುಮಾಡಿತು, ಸಾಕು ಭಾವ, ನಿಲ್ಲಿಸಿ, ಅದೇ ಕೈ, ಲೋಟ ಬೋರಲು ಹಾಕಿದ ಕೈ, ಅದೇ ಕೈ