ಸೌಟಿನ ಮದುವಣಗಿತ್ತಿ ಮತ್ತು ಮಳೆಯ ಡಬ್ಬಿ

ಇದರಲ್ಲಿ ಒಂದು ಮಾತು ಸುಳ್ಳಾದರೂ ನಾಳೆಯಿಂದ ನನ್ನ ಚಹಾಕ್ಕೆ ಸಕ್ಕರೆ ಸಿಗದಿರಲಿ. ಅಟ್ಲಾಸ್ ಬೆಟ್ಟದ ಬುಡದ ನಮ್ಮೂರಲ್ಲಿ ಆ ವರ್ಷ ಎಂಥ ಬರ ಬಿತ್ತೆಂದರೆ, ಒಂದು ಮೋಡ ಕಂಡರೂ ಯಾರೋ ಗುರುತಿಲ್ಲದವರು ಬಂದರೆಂದು ನಾಯಿಗಳು ಬೊಗಳುತ್ತಿದ್ದವು. ಬಾವಿಯಿಂದ ಮೇಲೆ ಬಂದ ಬಕೆಟ್ಟಿನಲ್ಲಿ ನೀರಿಗಿಂತ ನೆರಳೇ ಹೆಚ್ಚಿರುತ್ತಿತ್ತು.

ನಮ್ಮೂರ ತೂಡಾಳಿಗೆ ಹೊಲದಲ್ಲಿ ಒಣಗಿದ ಬಾರ್ಲಿಗಿಂತ ಕುರಿಗಳದೇ ಚಿಂತೆ. ಬಾಟಲಿ ಹಾಲು ಕುಡಿಸಿ ಸಾಕಿದವು, ಈಗ ಎಲ್ಲವೂ ಗಬ್ಬ. ಮೇವು ಕೊಳ್ಳಲಾಗದಿದ್ದರೆ ಕಟುಕನ ಪಾಲು. ಉಳಿದ ಆಸೆ ಎಂದರೆ ಅವಳ ಗಂಡ ಝಾಯಿದ್ ಬಿತ್ತನೆಗೆ ಮೊದಲು ಕಟ್ಟಿದ್ದ ವಿಮೆ. ಶಾಲೆಯ ಹಿಂದೆ ಎದೆಯೆತ್ತರದ ಕಂಬದ ಮೇಲೆ ವಿಮೆಯವರು ಮಳೆ ಅಳೆಯುವ ಡಬ್ಬಿ ಕೂರಿಸಿದ್ದರು. ಅದರೊಳಗೆ ಸಾಕಷ್ಟು ಮಳೆ ಬೀಳದಿದ್ದರೆ ವಿಮೆ ಕಟ್ಟಿದವರಿಗೆಲ್ಲ ಹಣ. ಹೊಲ ನೋಡಲು ಯಾರೂ ಬರಬೇಕಿಲ್ಲ, ಯಾರ ಕೈಯನ್ನೂ ಬೆಚ್ಚಗೆ ಮಾಡಬೇಕಿಲ್ಲ. ಇದನ್ನೆಲ್ಲ ಗಂಡಸರು ಗಂಡಸರಿಗೇ ವಿವರಿಸಿಕೊಂಡರು. ಹೆಂಗಸರ ಕಿವಿಗೆ ಬಿದ್ದದ್ದು ಇಷ್ಟೇ: ಡಬ್ಬಿ ಮಳೆಯದು, ಅದರಿಂದ ಹಣ ಬರುತ್ತದೆ.

ಬರ ಬಂದಾಗ ನಮ್ಮ ಹೆಂಗಸರು ಮರದ ಸೌಟಿಗೆ ರೇಷ್ಮೆ ಉಡಿಸಿ, ಮದುವಣಗಿತ್ತಿ ಮಾಡಿ, ಹಾಡುತ್ತ ಮನೆಮನೆಗೆ ಒಯ್ಯುತ್ತಾರೆ. ಮನೆಯವರು ಅವಳ ತಲೆಗೆ ನೀರು ಸುರಿಯಬೇಕು. ಅದನ್ನು ಕಂಡು ಆಕಾಶಕ್ಕೂ ನಾಚಿಕೆಯಾಗಬೇಕು. ಆ ವರ್ಷ ಒಂದು ಗುರುವಾರ ಸೌಟು ಹಿಡಿದವಳು ತೂಡಾ. ಮೆರವಣಿಗೆ ಶಾಲೆಯ ಹಿಂದೆ ಬಂದಾಗ, ಇಷ್ಟು ಮನೆ ಸುತ್ತಿ ಮಳೆಯ ಮನೆಯನ್ನೇ ಬಿಟ್ಟು ಹೋಗುವುದೇ ಎಂದು ಅವಳಿಗನ್ನಿಸಿತು. ಮನೆಗೆ ಹೋಗಿ ಕುರಿಗಳಿಗೆಂದು ಉಳಿಸಿದ್ದ ಒಂದು ಕೆಟಲ್ ನೀರು ತಂದು, ಮದುವಣಗಿತ್ತಿಯನ್ನು ಡಬ್ಬಿಯ ಬಾಯಿಗೆ ಹಿಡಿದು, ಅವಳ ತಲೆಗೆ ಪೂರ್ತಿ ಸುರಿದಳು.

ಮಳೆ ಬರಲಿಲ್ಲ. ಬಂದವನು ವಿಮೆಯ ಜವಾದ್, ಮುಖ ಸಣ್ಣದು ಮಾಡಿಕೊಂಡು. ಆ ಗುರುವಾರ ಈ ಊರಿಗೆ ಬಿದ್ದಷ್ಟು ಮಳೆ ಸಮುದ್ರದ ಪಕ್ಕದ ಊರುಗಳಿಗೂ ಬಿದ್ದಿಲ್ಲವೆಂದು ಡಬ್ಬಿ ಹೇಳಿದೆಯಂತೆ. ಹಾಗಾಗಿ ಹಣವಿಲ್ಲ.

ತೂಡಾ ಎಲ್ಲರ ಮುಂದೆ ಎದ್ದು ನಿಂತಳು. "ಅದು ಮಳೆ ಅಲ್ಲಪ್ಪ. ನಾನು ಹುಯ್ದ ನೀರು."

ಜವಾದ್ ನಗಲು ಹೋಗಿ ತಡೆದುಕೊಂಡ. "ಮೆಲ್ಲಗೆ ಹೇಳಮ್ಮ. ಡಬ್ಬಿಗೆ ಕೈ ಹಾಕಿದ್ರು ಅಂತ ಗೊತ್ತಾದ್ರೆ ಇಡೀ ಊರನ್ನೇ ವಿಮೆಯಿಂದ ತೆಗೆದುಹಾಕ್ತಾರೆ. ಮಳೆ ಅಂತಲೇ ಇರ್ಲಿ ಬಿಡಿ."

ಯಾರೂ ಬೈಯಲಿಲ್ಲ. ಪಕ್ಕದ ಮನೆಯ ಮುದುಕಿ ಮಾತ್ರ, "ಆಕಾಶದ ಕೈಲಿ ಆಗದ್ದು ನಿನ್ನ ಕೆಟಲ್ ಕೈಲಿ ಆಯ್ತಲ್ಲೇ ತಾಯಿ," ಎಂದು ಬಾಗಿಲು ಹಾಕಿಕೊಂಡಳು.

ಸಂತೆಯ ದಿನ ಝಾಯಿದ್ ಕುರಿಗಳನ್ನು ಹೊಡೆದುಕೊಂಡು ಹೊರಟ. ತೂಡಾ ಕರೆದಾಳೆಂದು ಅವು ನಿಂತು ನಿಂತು ಹಿಂದೆ ನೋಡುತ್ತ ಹೋದವು. ಸಂತೆಯಲ್ಲಿ ಎಲ್ಲರೂ ಮಾರುವವರೇ. ಕಟುಕ ಹೇಳಿದ್ದೇ ಬೆಲೆ.

ಸಂಜೆ ಒಬ್ಬನೇ ಮರಳಿದ ಗಂಡನನ್ನು ಅವಳು ಕೇಳಿದ್ದು ಒಂದೇ ಮಾತು. "ಡಬ್ಬಿ ಖಾಲಿ ಇರ್ಬೇಕು ಅಂತ ನಂಗ್ಯಾಕೆ ಹೇಳ್ಲಿಲ್ಲ?"

ಝಾಯಿದ್ ಚಪ್ಪಲಿಯ ಧೂಳು ಕೊಡವಿದ. "ನಿಂಗೆ ಹೇಳೋದೇನಿದೆ ಅಂದ್ಕೊಂಡೆ. ಹೋಗ್ಲಿ ಬಿಡು. ಮುಂದಿನ ವರ್ಷ ಮಳೆ ಬಂದ್ರೆ ಇಬ್ರೂ ಸಂತೆಗೆ ಹೋಗಿ, ನೀನೇ ಮುಟ್ಟಿ ನೋಡಿ, ಒಂದು ಒಳ್ಳೆ ಕುರಿ..."

ಅವನ ಮಾತು ಮುಗಿಯುವ ಮೊದಲೇ ತೂಡಾ ಎದ್ದು, ಹೊರಗೆ ಖಾಲಿ ಕುರಿದೊಡ್ಡಿಯ ಕಡೆ ನಡೆದಳು.