ನದಿ ಅಳೆಯುವವರ ಮನೆಗೆ ಒಂದು ಕಾಗದ

೧

ಈ ಕಥೆಯನ್ನು ಯಾವ ತುದಿಯಿಂದ ಹಿಡಿಯಬೇಕು ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ‘ಒಂದು ಶಾಲೆ ಇತ್ತು, ಅಲ್ಲೊಂದು ಲೈಬ್ರರಿ ಇತ್ತು’ ಎಂದು ಬರೆದೆ. ನೀವು ಆಕಳಿಸಿದ್ದು ಇಲ್ಲಿಯವರೆಗೆ ಕೇಳಿಸಿತು. ಹೊಡೆದುಹಾಕಿದೆ. ‘ಎಳೆಯರಲ್ಲಿ ಓದಿನ ಅಭಿರುಚಿ ಬೆಳೆಸುವಲ್ಲಿ ಕಥೆ ಹಾಗೂ ಕಥೇತರ ಸಾಹಿತ್ಯದ ಪಾತ್ರ’ ಎಂದು ಬರೆದೆ. ಈ ಸಲ ಆಕಳಿಸಿದ್ದು ನಾನೇ. ಮೂರನೆಯ ಸಲ ಉಗುರಿನಷ್ಟು ದೊಡ್ಡ ಒಂದು ಗುಂಡು ಸ್ಟಿಕ್ಕರ್‌ನಿಂದ ಶುರು ಮಾಡಿದೆ. ಅದೊಂದು ಉಳಿದಿದೆ, ಅಲ್ಲಿಂದಲೇ ಹೋಗೋಣ.

೨

ಸ್ಟಿಕ್ಕರ್‌ಗಳು ಎರಡೇ ಬಣ್ಣದವು. ಪುಸ್ತಕದ ಬೆನ್ನಿಗೆ ಕೆಂಪು ಹಚ್ಚಿದ್ದರೆ ಕಥೆ, ಹಸಿರು ಹಚ್ಚಿದ್ದರೆ ನಿಜ. ಎರಡು ಸಾವಿರ ಚಿಲ್ಲರೆ ಪುಸ್ತಕಗಳಿಗೂ ಲೈಬ್ರರಿ ಮೇಡಂ ಒಂದು ಬೇಸಿಗೆ ರಜೆ ಪೂರ್ತಿ ಕೂತು ಕೈಯಾರೆ ಹಚ್ಚಿದ್ದು. ಆ ಕೋಣೆ ಮೊದಲು ಲ್ಯಾಬ್ ಆಗಿತ್ತು. ಮೂಲೆಯಲ್ಲಿ ಸಿಂಕ್ ಹಾಗೇ ಉಳಿದಿದೆ. ನಲ್ಲಿಯ ಬಾಯಿಗೆ ಬಟ್ಟೆ ಕಟ್ಟಿ, ವಾಪಸ್ ಬಂದ ಪುಸ್ತಕಗಳನ್ನು ಅದರಲ್ಲಿ ಹಾಕಿಸುತ್ತಾರೆ.

ಪ್ರತಿ ಬುಧವಾರ ಮೂರನೇ ಪೀರಿಯಡ್‌ನಲ್ಲಿ ಐದನೇ ಕ್ಲಾಸಿನವರು ಬರುತ್ತಾರೆ. ಒಬ್ಬೊಬ್ಬರೂ ಒಂದು ಕೆಂಪು, ಒಂದು ಹಸಿರು ಒಯ್ಯಬೇಕು. ಕೆಂಪು ಓದಿದವರು ಕಥೆಗೆ ತಮ್ಮದೇ ಬೇರೆ ಕೊನೆ ಬರೆದು ತರಬೇಕು. ಹಸಿರು ಓದಿದವರು ಆ ಪುಸ್ತಕದಲ್ಲಿ ಬರುವ ಯಾರಿಗಾದರೂ ಒಂದು ಕಾಗದ ಬರೆಯಬೇಕು. ಆ ಕಾಗದಗಳನ್ನು ಮೇಡಂ ವಿಳಾಸ ಹುಡುಕಿ ನಿಜವಾಗಿಯೂ ಪೋಸ್ಟ್ ಮಾಡುತ್ತಾರೆ! ಒಂದು ಫೈರ್ ಸ್ಟೇಷನ್ನಿನಿಂದ ಉತ್ತರ ಬಂದದ್ದು ಇನ್ನೂ ಗೋಡೆಯ ಮೇಲಿದೆ: ‘ಹೌದು ಮಗು, ಏಣಿಯ ತುದಿಯಲ್ಲಿ ನಮಗೂ ಹೆದರಿಕೆಯಾಗುತ್ತದೆ.’ ಅದು ಬಂದ ವಾರ ಹಸಿರು ಪುಸ್ತಕಗಳಿಗೆ ನೂಕುನುಗ್ಗಲು.

(ಇಷ್ಟು ಹೊತ್ತಿಗೆ ಏನಾದರೂ ಆಗಬೇಕಿತ್ತು ಎಂದು ನಿಮಗೆ ಅನ್ನಿಸುತ್ತಿರಬಹುದು. ನನಗೂ ಅನ್ನಿಸುತ್ತಿದೆ. ಬಂದಳು, ಬಂದಳು.)

೩

ಅವಳನ್ನು ಕ್ಲಾಸಿನವರೆಲ್ಲ ‘ಪ್ರೂಫ್’ ಎನ್ನುತ್ತಾರೆ. ವಯಸ್ಸು ಹತ್ತು. ನಾಳೆ ರಜೆಯಂತೆ ಎಂದರೂ “ಇದು ನಿಜಾನಾ? ಯಾರು ಹೇಳಿದ್ದು?” ಎಂದು ಕೇಳುವವಳು. ಹಸಿರು ಪುಸ್ತಕಗಳನ್ನು ಹಸಿದವಳಂತೆ ಓದುತ್ತಾಳೆ. ಕೆಂಪನ್ನು ರೂಲ್ಸ್ ಇದೆ ಎಂಬ ಒಂದೇ ಕಾರಣಕ್ಕೆ ಒಯ್ದು, ತೆರೆಯದೆ ವಾಪಸ್ ತರುತ್ತಾಳೆ. ಮೇಡಂಗೆ ಹೇಗೆ ಗೊತ್ತು ಎಂದರೆ, ಅವರು ಹತ್ತನೇ ಪುಟದಲ್ಲಿ ಒಂದು ಚೂರು ಕಾಗದ ಸಿಕ್ಕಿಸಿ ಕೊಡುತ್ತಾರೆ. ಚೂರು ಕದಲದೆ ಬರುತ್ತದೆ. ಬೇರೆ ಕೊನೆ ಬರೆಯಬೇಕಾದ ಹಾಳೆಯಲ್ಲಿ ಪ್ರತಿ ವಾರ ಒಂದೇ ಸಾಲು: ‘ಇದು ಆಗಿಲ್ಲ. ಆದ್ದರಿಂದ ಮುಗಿದೂ ಇಲ್ಲ.’

ಕಾರಣವನ್ನು ಅವಳ ಅಮ್ಮ ಪೇರೆಂಟ್ಸ್ ಮೀಟಿಂಗ್ ದಿನ ಹೇಳಿದ್ದರು. ಹೋದ ವರ್ಷ ಅಪ್ಪ ತೀರಿಕೊಂಡಾಗ ಅವಳು ಚಿಕ್ಕಮ್ಮನ ಮನೆಯಲ್ಲಿದ್ದಳು. ಅಪ್ಪ ಕೆಲಸದ ಮೇಲೆ ದೂರ ಹೋಗಿದ್ದಾರೆ, ಬಂದುಬಿಡ್ತಾರೆ ಎಂದು ಎಲ್ಲರೂ ಸೇರಿ ಹದಿನೇಳು ದಿನ ನಂಬಿಸಿದರು.

“ಅವಳ ಒಳ್ಳೇದಕ್ಕೇ ಅಂದ್ಕೊಂಡ್ವಿ ಮೇಡಂ. ಈಗ ‘ಊಟ ಆಯ್ತು ಕಣೇ’ ಅಂದ್ರೂ ತಟ್ಟೆ ನೋಡಿ ಬರ್ತಾಳೆ,” ಎಂದು ಆಕೆ ಸೆರಗಿನಿಂದ ಮೂಗು ಒರೆಸಿಕೊಂಡಿದ್ದರು.

ಅವತ್ತಿನಿಂದ ಮೇಡಂಗೆ ಒಂದೇ ಹಟ. ಈ ಮಗು ಒಂದು ಕಥೆ ಓದಬೇಕು, ಒಂದೇ ಒಂದು ಸಾಕು.

೪

ಇಲ್ಲಿ ನಡೆದ ತಪ್ಪು ಮೇಡಂದೋ ನನ್ನದೋ ಎಂಬ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ.

ಹೊಸದಾಗಿ ಬಂದ ಕಟ್ಟಿನಲ್ಲಿ ಒಂದು ಪುಸ್ತಕವಿತ್ತು. ನದಿಯ ಪಕ್ಕ ಒಬ್ಬ ತಾತ. ದಿನಾ ಬೆಳಿಗ್ಗೆ ಮೆಟ್ಟಿಲಿಳಿದು, ನೀರಿನಲ್ಲಿ ನೆಟ್ಟ ಅಳತೆಪಟ್ಟಿ ನೋಡಿ, ನೀರು ಎಷ್ಟು ಮೇಲೆ ಬಂದಿದೆ ಎಂದು ಬರೆದಿಡುವುದು ಅವರ ಕೆಲಸ. ಜೊತೆಗೆ ಮೊಮ್ಮಗಳು. ಪುಟಪುಟಕ್ಕೂ ಅಳತೆಯ ಕೋಷ್ಟಕ, ನಕ್ಷೆ, ಮೋಡಗಳ ಚಿತ್ರ. ಕೊನೆಗೆ ಕೋಷ್ಟಕದಲ್ಲಿ ಒಂದು ದಿನದ ಮನೆ ಖಾಲಿ. ಮಾರನೆಯ ದಿನದಿಂದ ಅಕ್ಷರ ಮೊಮ್ಮಗಳದು. ಅಷ್ಟರಿಂದಲೇ ನಮಗೆ ತಿಳಿಯುತ್ತದೆ. ನೋಡಿದರೆ ಅಪ್ಪಟ ಹಸಿರು, ಓದಿದರೆ ಅಪ್ಪಟ ಕೆಂಪು.

ಮೇಡಂ ಕೆಂಪು ಸ್ಟಿಕ್ಕರ್‌ಗಳ ಹಾಳೆಯತ್ತ ಕೈ ಚಾಚಿದರು. ಹಸಿರು ಹಾಳೆಯಿಂದ ಒಂದನ್ನು ಕಿತ್ತರು. ಹಚ್ಚಿದರು.

“ಒಂದ್ನಿಮಿಷ,” ಎಂದರು ಮೇಡಂ, ಈ ವಾಕ್ಯದಿಂದ ತಲೆಯೆತ್ತಿ. “ನಾನು ಹದಿನಾಲ್ಕು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಒಂದು ಪುಸ್ತಕ ತಪ್ಪು ಕಪಾಟಿಗೆ ಹೋದ್ರೆ ರಾತ್ರಿ ನಿದ್ದೆ ಬರಲ್ಲ ನನಗೆ. ಬೇಲೀನೇ ಎದ್ದು ಹೊಲ ಮೇಯೋದು ನಿಮ್ಮ ಐಡಿಯಾ. ಅದನ್ನ ನನ್ನ ತಲೆಗೆ ಯಾಕೆ ಕಟ್ತೀರಿ?”

“ನೀವು ಹಚ್ಚದಿದ್ರೆ ಕಥೆ ಮುಂದಕ್ಕೆ ಹೋಗಲ್ಲ ಮೇಡಂ,” ಎಂದೆ.

“ಹೋಗದಿದ್ರೆ ಬಿಡಿ! ನಾನೇನು ಕರೆದಿದ್ನಾ?”

(ಪೆನ್ನಿಗೆ ಮುಚ್ಚಳ ಹಾಕಿದೆ. ಆಗ ಅವರೇ ಮಾತಾಡಿದರು.)

“ಅವಳು ಓದ್ತಾಳಾ?”

“ಓದ್ತಾಳೆ.”

“ಸರಿ, ಹಾಗಾದ್ರೆ ಹಚ್ಚಿದೆ ಅಂತ ಬರ್ಕೊಳ್ಳಿ. ಆದ್ರೆ ನಾಳೆ ಇದು ನನ್ನ ಮೇಲೇ ತಿರುಗಿ ಬಂದ್ರೆ ನೀವೂ ನನ್ನ ಜೊತೆ ನಿಲ್ಬೇಕು.”

ನಿಲ್ಲುತ್ತೇನೆ ಎಂದೆ. ಕಥೆ ಬರೆಯುವವರ ಮಾತನ್ನು ನಂಬಬಾರದೆಂದು ಇಷ್ಟು ಓದಿದ ಮೇಡಂಗೂ ಹೊಳೆಯಲಿಲ್ಲ.

೫

ಅವಳು ಓದಿದಳು. ಬುಧವಾರ ಒಯ್ದವಳು ಮುಂದಿನ ಬುಧವಾರ ತಂದಾಗ ಪುಸ್ತಕದ ಮೂಲೆಗಳು ಮೆತ್ತಗಾಗಿದ್ದವು. ಹತ್ತನೇ ಪುಟದ ಚೂರು ಎಲ್ಲೋ ಬಿದ್ದೇ ಹೋಗಿತ್ತು. ಅವಳು ಪುಸ್ತಕವನ್ನು ಸಿಂಕಿಗೆ ಹಾಕಲಿಲ್ಲ. ಮೇಡಂ ಕೈಗೇ ಕೊಟ್ಟಳು. ಮೇಡಂಗೆ ಖುಷಿಯಲ್ಲಿ ನೆಲ ಕಾಣಲಿಲ್ಲ.

ಆಮೇಲೆ ಅವಳು ಜೊತೆಗೆ ತಂದಿದ್ದ ಕಾಗದ ಕೊಟ್ಟಳು.

‘ನದಿ ಅಳೆಯುವ ಅಕ್ಕನಿಗೆ ನಮಸ್ಕಾರ. ನಿಮ್ಮ ತಾತ ತೀರಿಕೊಂಡ ದಿನ ನೀವು ಅಳತೆ ಬರೆದಿಲ್ಲ. ಅದು ಸರಿ. ಒಂದು ಮಾತು ಕೇಳಬೇಕು. ನಿಮಗೆ ನಿಮ್ಮ ಮನೆಯವರು ಅವತ್ತೇ ಹೇಳಿದರಾ? ನನಗೆ ಹದಿನೇಳು ದಿನ ಆದಮೇಲೆ ಗೊತ್ತಾಯಿತು. ಅಷ್ಟು ದಿನವೂ ನಾನು ಆಟ ಆಡಿಕೊಂಡಿದ್ದೆ. ಅದು ತಪ್ಪಾ? ನಿಮಗೆ ಇದೆಲ್ಲ ಗೊತ್ತಿರುವುದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ವಿಳಾಸ ನಮ್ಮ ಲೈಬ್ರರಿ ಮೇಡಂ ಬರೆಯುತ್ತಾರೆ.’

ಮೇಡಂ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ ಕೂತರು. ನಿಜ ಹೇಳಿದರೆ ಈ ಮಗುವಿಗೆ ಸುಳ್ಳು ಹೇಳಿದವರ ಪಟ್ಟಿಗೆ ಅವರೂ ಸೇರುತ್ತಾರೆ, ಹಸಿರು ಪುಸ್ತಕಗಳ ಮೇಲಿನ ನಂಬಿಕೆಯೂ ಹೋಗುತ್ತದೆ. ಹೇಳದಿದ್ದರೆ ಅವಳು ಇಲ್ಲದ ಒಬ್ಬಳ ಉತ್ತರಕ್ಕೆ ಕಾಯುತ್ತಲೇ ಇರುತ್ತಾಳೆ.

“ಯಾವಾಗ ಪೋಸ್ಟ್ ಮಾಡ್ತೀರಾ?” ಎಂದು ಗುರುವಾರ ಕೇಳಿದಳು. ಶುಕ್ರವಾರ “ಮಾಡಿದ್ರಾ?” ಎಂದಳು.

“ನೋಡ್ತೀನಿ ಪುಟ್ಟಿ,” ಎಂದರು ಮೇಡಂ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅವಳು ಅವರ ಮುಖವನ್ನೇ ನೋಡಿಕೊಂಡು ಹೋದಳು.

೬

ಕೊಟ್ಟ ಮಾತಿನಂತೆ ನಾನು ಪಕ್ಕದಲ್ಲಿ ನಿಂತೆ. ಕೈಯಲ್ಲಿ ಮೂರು ಕೊನೆಗಳಿದ್ದವು.

ಮೊದಲನೆಯದು ಸೈನ್ಸ್ ಸರ್‌ದು. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಅವರು ಹೇಳಿದ್ದು: “ನೀವೇ ಉತ್ತರ ಬರೆದುಬಿಡಿ ಮೇಡಂ. ಎಡಗೈಯಲ್ಲಿ ಬರೀರಿ, ಅಕ್ಷರ ಗೊತ್ತಾಗಲ್ಲ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.” ಎಂಥ ಸೊಗಸಾದ ಕೊನೆ! ಉತ್ತರದ ಮೊದಲ ವಾಕ್ಯ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ‘ಪ್ರೀತಿಯ ತಂಗಿ, ನೀನು ಆಟ ಆಡಿದ್ದು ತಪ್ಪಲ್ಲ.’ ನೀವು ಕಣ್ಣೊರೆಸಿಕೊಳ್ಳುವುದು ಗ್ಯಾರಂಟಿ.

“ಬೇಡ,” ಎಂದರು ಮೇಡಂ.

“ಯಾಕೆ? ಎಲ್ಲರಿಗೂ ಒಳ್ಳೇದಾಗುತ್ತೆ,” ಎಂದೆ.

“ಅವರ ಮನೆಯವರೂ ಹಾಗೇ ಅಂದ್ಕೊಂಡಿದ್ದು.”

ಎರಡನೆಯದು: ಪ್ರೂಫ್ ಬೇರೆ ಶಾಲೆಗೆ ಹೋಗುತ್ತಾಳೆ, ಕಾಗದ ಡ್ರಾಯರ್‌ನಲ್ಲಿ ಉಳಿಯುತ್ತದೆ. (ವಿಮರ್ಶಕರಿಗೆ ಇಂಥವು ಇಷ್ಟ.) ಮೇಡಂ ನನ್ನತ್ತ ನೋಡಿದ ನೋಟಕ್ಕೆ ನಾನೇ ಅದನ್ನು ಮಡಿಸಿಟ್ಟೆ. ಮೂರನೆಯದರಲ್ಲಿ ಪುಸ್ತಕ ಬರೆದವರೇ ಶಾಲೆಗೆ ಬಂದು, ಇದೆಲ್ಲ ನಡೆದದ್ದೇ ಎನ್ನುತ್ತಾರೆ.

“ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತಾ? ನಾಚಿಕೆ ಆಗಲ್ವಾ ನಿಮಗೆ?” ಎಂದರು ಮೇಡಂ.

ಸ್ವಲ್ಪ ಆಯಿತು.

೭

ಸೋಮವಾರ ಊಟದ ಬಿಡುವಿನಲ್ಲಿ ಮೇಡಂ ಅವಳನ್ನು ಕರೆಸಿದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ.

“ಕೂತ್ಕೋ ಪುಟ್ಟಿ. ಆ ತಾತ, ಆ ಅಕ್ಕ, ಯಾರೂ ಇಲ್ಲ. ಅದು ಕಥೆ. ನಿನ್ನ ಕಾಗದ ಕಳಿಸೋಕೆ ಊರೇ ಇಲ್ಲ.”

ಅವಳು ಮೇಜಿನ ಮೇಲಿದ್ದ ಪುಸ್ತಕ ತಿರುಗಿಸಿ ಅದರ ಬೆನ್ನು ನೋಡಿದಳು. “ಹಸಿರು ಯಾರು ಹಚ್ಚಿದ್ದು?”

“ನಾನು.”

“ಗೊತ್ತಿಲ್ದೇನಾ?”

“ಇಲ್ಲ, ಗೊತ್ತಿದ್ದೇ ಹಚ್ಚಿದೆ. ಕೆಂಪಾದ್ರೆ ನೀನು ಓದಲ್ಲ ಅಂತ. ತಪ್ಪಾಯ್ತು.”

ಅವಳು ಬೆರಳು ಮಡಿಸುತ್ತ ಎಣಿಸಿದಳು. “ನಾನು ತಗೊಂಡು ಹೋಗಿ ಇವತ್ತಿಗೆ ಹನ್ನೆರಡು ದಿನ.”

“ಹೌದು.”

“ನಮ್ಮನೆಯವರಿಗಿಂತ ಐದು ದಿನ ಕಡಿಮೆ.” ಸ್ವಲ್ಪ ಯೋಚಿಸಿ ಸೇರಿಸಿದಳು: “ಅವರು ತಾವಾಗೇ ಹೇಳ್ಲಿಲ್ಲ. ಪಕ್ಕದ ಮನೆ ಹುಡುಗಿ ಹೇಳಿದ್ದು. ಆದ್ರೂ ನನಗೆ ಕೋಪ ಬಂದಿದೆ.”

“ಬರ್ಲಿ. ಬರ್ಬೇಕಾದ್ದೇ.”

(ಇಲ್ಲಿ ನಾನು ‘ಅವಳು ಎದ್ದು ಹೊರಟುಹೋದಳು’ ಎಂದು ಬರೆದಿದ್ದೆ. ಅವಳು ಹೋಗಲಿಲ್ಲ. ನನ್ನ ವಾಕ್ಯವನ್ನು ಅಲ್ಲೇ ಬಿಟ್ಟು, ಕೂತೇ ಇದ್ದಳು. ಹುಬ್ಬು ಗಂಟಾಗಿತ್ತು.)

“ಮೇಡಂ, ಅದು ಕಥೆ ಅಂದ್ರೆ ಅದರಲ್ಲಿ ಇರೋದು ಯಾವುದೂ ಆಗಿಲ್ಲ.”

“ಆಗಿಲ್ಲ.”

“ಹಾಗಾದ್ರೆ ತಾತ ಸತ್ತಿಲ್ಲ.”

ಮೇಡಂ ಸಹಾಯಕ್ಕೆಂದು ನನ್ನ ಕಡೆ ನೋಡಿದರು. ಮೂರು ಕೊನೆ ಹಿಡಿದು ನಿಂತಿದ್ದವನ ಬಳಿ ಇದಕ್ಕೆ ಅರ್ಧ ಮಾತೂ ಇರಲಿಲ್ಲ. ಹೊರಗೆ ಮಕ್ಕಳ ಗಲಾಟೆ, ಯಾರೋ ಕಾರಿಡಾರಿನಲ್ಲಿ ಓಡಿದ ಸದ್ದು.

“ಇಲ್ಲ ಪುಟ್ಟಿ, ಸತ್ತಿಲ್ಲ,” ಎಂದರು ಮೇಡಂ ಕೊನೆಗೆ.

“ಮತ್ತೆ ಆ ದಿನ ಯಾಕೆ ಬರೆದಿಲ್ಲ?”

“ನನಗೆ ಗೊತ್ತಿಲ್ಲ. ನೀನೇ ಹೇಳು.”

ಅವಳು ಪುಸ್ತಕ ತೆರೆದು ಆ ಖಾಲಿ ಮನೆಯ ಮೇಲೆ ಬೆರಳಿಟ್ಟಳು. ಇಲ್ಲದ್ದನ್ನು ಕಲ್ಪಿಸುವ ಕೆಲಸವನ್ನು ಅವಳು ಒಂದು ವರ್ಷದಿಂದ ಮಾಡಿರಲಿಲ್ಲ. ಶುರು ಮಾಡುವುದು ಎಷ್ಟು ಕಷ್ಟವೆಂದು ನನಗೆ ಗೊತ್ತು, ಪಾಪ.

“ತಾತಂಗೆ ಮಂಡಿನೋವು,” ಎಂದಳು. “ಅವತ್ತು ಮೆಟ್ಟಿಲು ಇಳಿಯೋಕೆ ಆಗ್ಲಿಲ್ಲ. ಅಕ್ಕ ‘ನಾನು ನೋಡ್ಕೊಂಡು ಬರ್ತೀನಿ’ ಅಂದ್ಲು. ‘ಬೇಡ ಕಣೇ, ಇವತ್ತು ರಜೆ’ ಅಂದ್ರು.” ತಟ್ಟನೆ ನಿಲ್ಲಿಸಿದಳು. “ಇದು ನಿಜ ಅಲ್ಲ ಅಂತ ನನಗೆ ಗೊತ್ತು, ಮೇಡಂ.”

“ಗೊತ್ತು.”

“ನೀವು ಯಾರಿಗೂ ನಿಜ ಅಂತ ಹೇಳ್ಬಾರ್ದು.”

“ಹೇಳಲ್ಲ.”

“ಅಳಬೇಡಿ ಮೇಡಂ. ಇನ್ನೂ ಮುಗಿದಿಲ್ಲ.”

೮

ಬೆಲ್ ಹೊಡೆಯಿತು. ಇಬ್ಬರೂ ಏಳಲಿಲ್ಲ. ಮುಂದೇನಾಯಿತು, ತಾತ ಆ ರಜೆಯಲ್ಲಿ ಏನು ಮಾಡಿದರು, ಆಟ ಆಡಿದ್ದು ತಪ್ಪಾ ಎಂಬ ಪ್ರಶ್ನೆಗೆ ನದಿ ಅಳೆಯುವ ಅಕ್ಕ ಏನೆಂದಳು, ಇದನ್ನೆಲ್ಲ ನೀವು ನನ್ನನ್ನು ಕೇಳುತ್ತೀರಿ. ಕೇಳುವ ಹಕ್ಕೂ ನಿಮಗಿದೆ, ಇಷ್ಟು ದೂರ ಬಂದಿದ್ದೀರಿ. ನಾನೂ ಕಾಗದ ಪೆನ್ನು ಹಿಡಿದು ಕುರ್ಚಿಯನ್ನು ಮೆಲ್ಲಗೆ ಹತ್ತಿರ ಎಳೆದೆ. ಆಗ ಪ್ರೂಫ್ ನನ್ನತ್ತ ಒಮ್ಮೆ ತಿರುಗಿ ನೋಡಿದಳು.

“ಇವರು ಯಾರು, ಮೇಡಂ?”

“ಇವರಾ? ಕಥೆ ಬರೀತಾರೆ.”

“ಓ,” ಎಂದಳು. ಆಮೇಲೆ ಮೇಡಂ ಪಕ್ಕಕ್ಕೆ ಸರಿದು, ಅವರ ಕಿವಿಯ ಹತ್ತಿರ ಬಾಯಿಟ್ಟು, ಉಳಿದದ್ದನ್ನು ಹೇಳಿದಳು. ನನಗೆ ಕೇಳಿಸಲಿಲ್ಲ.