ಇಲ್ಲದ ಬುಗುಟು

"ಅಲ್ಲೇನಿದೆ ಅಂತ ಹಾಗೆ ಬಳಸ್ಕೊಂಡು ಹೋಗ್ತೀರಿ?" ಎಂದು ಟೀಚರು ಮೂರನೆಯ ಸಲ ಕೇಳಿದಾಗ ಅವಳು ಹಿಂದಿರುಗಿ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಹೊಸ ಸ್ಕೇಟಿಂಗ್ ರಿಂಕಿನ ಐಸು ಆಗಷ್ಟೇ ಒರೆಸಿದ ಗಾಜಿನ ಹಾಗೆ ಈ ತುದಿಯಿಂದ ಆ ತುದಿಯವರೆಗೆ ನುಣ್ಣಗೆ ಹರಡಿಕೊಂಡಿತ್ತು. ಅವಳ ಬೆನ್ನಿಗೇ ಬರುತ್ತಿದ್ದ ನಿವೃತ್ತ ಪೋಸ್ಟ್‌ಮಾಸ್ಟರು, ಮುಂದಿನವಳು ಹೇಳದೆ ಕೇಳದೆ ಪಕ್ಕಕ್ಕೆ ವಾಲಿದ್ದರಿಂದ ಗಾಬರಿಬಿದ್ದು, ಅಂಚಿನ ಹಲಗೆಯನ್ನು ತಬ್ಬಿಕೊಂಡು ನಿಂತಿದ್ದರು.

"ಏನಿಲ್ಲ ಮೇಡಂ, ಅಭ್ಯಾಸ," ಎಂದಳು.

ಅದು ಹನ್ನೊಂದು ವರ್ಷದ ಅಭ್ಯಾಸ. ಅವಳ ಹಳೆಯ ರಿಂಕಿನ ಮಾಡಿನಿಂದ ಆ ಮೂಲೆಯಲ್ಲಿ ಹನಿ ತೊಟ್ಟಿಕ್ಕುತ್ತಿತ್ತು. ಒಂದರ ಮೇಲೊಂದು ಹನಿ ಬಿದ್ದು ಹೆಪ್ಪುಗಟ್ಟಿ, ತಲೆ ಚಚ್ಚಿಕೊಂಡರೆ ಹಣೆಯ ಮೇಲೆ ಏಳುತ್ತದಲ್ಲ, ಅಂಥದೊಂದು ಬುಗುಟು ಏಳುತ್ತಿತ್ತು. ಬೆಳಿಗ್ಗೆ ಕೆರೆದರೆ ಮಧ್ಯಾಹ್ನಕ್ಕೆ ಮತ್ತೆ ಹಾಜರು. ಮಾಡು ಸರಿಮಾಡಿಸಿ ಎಂದು ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಎಲ್ಲರೂ ಅದನ್ನು ಬಳಸಿಕೊಂಡು ಹೋಗುವುದನ್ನೇ ಕಲಿತರು. ಮೂವತ್ತೈದನೆಯ ವಯಸ್ಸಿಗೆ ಗೋಡೆ ಹಿಡಿದು ನಿಲ್ಲುವುದರಿಂದ ಶುರುಮಾಡಿದವಳು ಅವಳು. ಒಂದು ದಿನ ಅದೇ ಬುಗುಟನ್ನು ಎಡಕ್ಕೆ ಬಿಟ್ಟು ಬಳಸುತ್ತಿರುವಾಗ ಮೈ ತಾನಾಗಿ ಹಿಂದಕ್ಕೆ ತಿರುಗಿತು, ಕಾಲು ನೆಲ ಬಿಟ್ಟಿತು, ಗಾಳಿಯಲ್ಲಿ ಒಂದು ಪೂರ್ತಿ ಸುತ್ತು ಸುತ್ತಿ ಬಲಗಾಲೊಂದರ ಮೇಲೇ ಇಳಿದಳು. ಮಾಡಿದ್ದು ತಾನೇ ಎಂದು ನಂಬಲು ಒಂದು ವಾರ ಬೇಕಾಯಿತು. ಹಾಗೆ ನೋಡಿದರೆ ಅವಳ ಬದುಕಿನಲ್ಲಿ ಯಾರ ಉಪಯೋಗಕ್ಕೂ ಬಾರದ, ಆದರೆ ಪೂರ್ತಿ ತನ್ನದೇ ಎನ್ನಬಹುದಾದದ್ದು ಆ ಒಂದು ಜಿಗಿತ ಮಾತ್ರ.

ಕೊನೆಗೂ ಮಾಡು ನೋಡಲು ಇಂಜಿನಿಯರುಗಳು ಬಂದರು. ನೋಡಿದವರೇ ರಿಂಕಿಗೆ ಬೀಗ ಹಾಕಿಸಿದರು.

ಹೊಸ ರಿಂಕಿಗೆ ಎರಡು ಬಸ್ಸು ಹಿಡಿಯಬೇಕು. ಭಾನುವಾರ ಬೆಳಿಗ್ಗೆ ಒಂದು ಗಂಟೆ ದೊಡ್ಡವರಿಗೆಂದೇ ಮೀಸಲು. ಬರುವವರು ಏಳೆಂಟು ಮಂದಿ. ಪಾಳಿಯಂತೆ ಒಬ್ಬೊಬ್ಬರು ಆಡುವ ಹಾಡು ಹಾಕುವಾಗಲೂ ಅವರ ಹೆಗಲಿಗೆ ಒಂದು ಕಿತ್ತಳೆ ಬಣ್ಣದ ಪಟ್ಟಿ. ಪಟ್ಟಿ ಹಾಕಿಕೊಂಡವರಿಗೆ ಉಳಿದವರು ದಾರಿ ಬಿಡಬೇಕೆಂಬುದು ಇಲ್ಲಿಯ ಕಾನೂನು. ಜನ ಒಳ್ಳೆಯವರು, ಐಸು ಅದಕ್ಕಿಂತ ಒಳ್ಳೆಯದು. ಜಿಗಿತ ಮಾತ್ರ ಏಳು ವಾರವಾದರೂ ಬರಲಿಲ್ಲ. ಇಲ್ಲದ ಬುಗುಟನ್ನು ಕಾಲು ಹುಡುಕುತ್ತಿತ್ತು, ಸಿಗದೆ ಅರ್ಧಕ್ಕೇ ಕೈಕೊಡುತ್ತಿತ್ತು. ನೇರ ಹೋಗಿ ಎಂದರು ಟೀಚರು. ನೇರ ಹೋದಳು, ನೇರವಾಗಿ ಬಿದ್ದಳು.

ಲಿಫ್ಟ್ ರಿಪೇರಿ ಮಾಡುವ ಗಂಡ ಅವಳ ಮಂಡಿಯ ನೀಲಿ ನೋಡಿ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನಿಂದು ಉಲ್ಟಾ ಕಣೇ, ನೆಲ ನೆಟ್ಟಗಿದೆ ಅಂತ ಕುಣಿಯೋಕಾಗ್ತಿಲ್ಲ ನಿಂಗೆ," ಎಂದ.

ಅವಳೂ ನಕ್ಕಳು. ಒಳಗೆ ಮಾತ್ರ ಚುರುಕ್ಕೆಂದಿತು. ಇಷ್ಟು ವರ್ಷ ತಾನು ಕಲಿತದ್ದು ಸ್ಕೇಟಿಂಗೋ, ಒಂದು ಸೋರುವ ಮಾಡಿನ ಕೆಳಗೆ ಬದುಕುವುದನ್ನೋ? ಎಂಟನೆಯ ಭಾನುವಾರವೂ ಆಗದಿದ್ದರೆ ಸ್ಕೇಟುಗಳನ್ನು ಅಟ್ಟಕ್ಕೆ ಎಸೆಯುವುದೆಂದು ತೀರ್ಮಾನಿಸಿಕೊಂಡಳು.

ಎಂಟನೆಯ ಭಾನುವಾರ ಎಲ್ಲರಿಗಿಂತ ಮೊದಲು ಬಂದಳು. ಐಸು ನುಣ್ಣಗೆ ಮಾಡುವ ಯಂತ್ರದವನು ಮೇಲ್ಪದರ ಕೆರೆದು, ನೀರು ಹಾಯಿಸಿ, ಯಂತ್ರವನ್ನು ಒಳಗೆ ನಿಲ್ಲಿಸಿ ಟೀ ಕುಡಿಯಲು ಹೋಗಿದ್ದ. ಅವಳು ಆ ಮೂಲೆಯಲ್ಲಿ ಮಂಡಿಯೂರಿದಳು. ಸ್ಕೇಟಿನ ಬ್ಲೇಡಿನಿಂದ ಐಸನ್ನು ಹೆರೆದು ಹಿಡಿಯಷ್ಟು ಪುಡಿ ಮಾಡಿದಳು. ಬಾಟಲಿಯ ಮುಚ್ಚಳದಲ್ಲಿ ನೀರು ಅಳೆದು ಹನಿಸಿದಳು, ಕೈಗವಸಿನಿಂದ ತಟ್ಟಿದಳು, ಕಾದಳು, ಮತ್ತೆ ಹನಿಸಿದಳು. ಕಟ್ಟುಹಲ್ಲಿನ ಸೆಟ್ಟು ತಯಾರಿಸುವ ಲ್ಯಾಬಿನಲ್ಲಿ ಇಪ್ಪತ್ತು ವರ್ಷದಿಂದ ಮೇಣದ ಪದರದ ಮೇಲೆ ಪದರ ಕೂರಿಸಿ ಪಳಗಿದ ಕೈ. ಕಾಲು ಗಂಟೆಯಲ್ಲಿ ಅಂಗೈ ಅಗಲದ, ಅರ್ಧ ಬೆರಳು ಎತ್ತರದ ಬುಗುಟು ತಯಾರಾಯಿತು. ನೋಡಿದರೆ ಹಳೆಯದರ ಅಚ್ಚು.

ಅದನ್ನು ಬಳಸಿ ಹೋದಳು. ಮೈ ತಿರುಗಿತು, ಹಾರಿದಳು, ಬಲಗಾಲ ಮೇಲೆ ಇಳಿದಳು. ಖಾಲಿ ರಿಂಕಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿಕೊಂಡಳು. ಎಷ್ಟು ಸಂತೋಷವಾಯಿತೆಂದರೆ, ಆಮೇಲೆ ಅದನ್ನು ಕೆರೆದು ತೆಗೆಯಬೇಕೆಂಬುದು ನೆನಪಿಗೇ ಬರಲಿಲ್ಲ. ಬಂದಿತ್ತು, ಇನ್ನೊಂದೇ ಸಲ ಎಂದುಕೊಂಡಳು ಎನ್ನುವುದು ಹೆಚ್ಚು ನಿಜ.

ಅಷ್ಟರಲ್ಲಿ ಎಲ್ಲರೂ ಬಂದರು. ಮೊದಲ ಪಾಳಿ ಪೋಸ್ಟ್‌ಮಾಸ್ಟರದು. ಕಿತ್ತಳೆ ಪಟ್ಟಿ ಹಾಕಿಕೊಂಡರೆ ಅವರು ರಾಜ. ಎಡಬಲ ನೋಡುವವರಲ್ಲ. ಹಾಡಿಗೆ ತಲೆದೂಗುತ್ತಾ ಬೆನ್ನು ಮುಂದಾಗಿ ಜಾರಿ ಬಂದರು. ಅವಳು "ಸಾರ್!" ಎಂದು ಕೂಗುವ ಹೊತ್ತಿಗೆ ಅವರ ಹಿಮ್ಮಡಿ ಬುಗುಟಿಗೆ ಬಡಿದಾಗಿತ್ತು. ಕುಕ್ಕರಿಸಿ ಬಿದ್ದರು. ಬಿದ್ದ ರಭಸಕ್ಕೆ ಬಾಯಿಂದ ಮೇಲಿನ ಹಲ್ಲಿನ ಸೆಟ್ಟು ಹಾರಿ, ಯಜಮಾನರಿಗಿಂತ ಚೆನ್ನಾಗಿ ಸ್ಕೇಟ್ ಮಾಡುತ್ತಾ ಎದುರಿನ ಗೋಡೆಯವರೆಗೆ ಹೋಯಿತು.

ಮೂಳೆ ಮುರಿದಿರಲಿಲ್ಲ. ಹಾಡು ನಿಲ್ಲಿಸಿ ಬಂದ ಟೀಚರು ಬುಗುಟು ನೋಡಿ ಯಂತ್ರದವನನ್ನು ಕರೆದರು. "ಏನಪ್ಪಾ ಇದು, ಐಸು ಕೆರೆದಿದೀಯೋ, ಉತ್ತಿದೀಯೋ?"

"ನಾನು ನೋಡ್ಕೊಂಡೇ ಬಿಟ್ಟಿದ್ದೆ ಮೇಡಂ. ನುಣ್ಣಗಿತ್ತು."

"ನುಣ್ಣಗಿದ್ದಿದ್ರೆ ಇವರ್ಯಾಕೆ ಬೀಳ್ತಿದ್ರು? ಆಫೀಸಿಗೆ ಬಾ."

ಆಗ ಬಾಯಿ ಬಿಡಬೇಕಿತ್ತು. ಅವಳು ಗೋಡೆಯ ಬಳಿ ಬಗ್ಗಿ ಹಲ್ಲು ಹೆಕ್ಕುತ್ತಿದ್ದಳು. ಹೇಳಿದರೆ ಈ ಗೇಟು ತನಗೆ ಮುಚ್ಚಿದ ಹಾಗೆ, ಇನ್ನೊಂದು ರಿಂಕು ಸುತ್ತಮುತ್ತ ಎಲ್ಲೂ ಇಲ್ಲ. ಸೆಟ್ಟು ನಡುವೆ ಸೀಳಿತ್ತು. "ನಾನು ಸರಿಮಾಡಿ ಕೊಡ್ತೀನಿ ಸಾರ್, ಇದು ನನ್ನದೇ ಕೆಲಸ," ಎಂದಷ್ಟೇ ಹೇಳಿ ಕರ್ಚೀಫಿನಲ್ಲಿ ಸುತ್ತಿಕೊಂಡಳು.

ಮಂಗಳವಾರ ಪೋಸ್ಟ್‌ಮಾಸ್ಟರು ಲ್ಯಾಬಿಗೆ ಬಂದರು. ಬೆಸೆದ ಸೆಟ್ಟನ್ನು ಅವರ ಬಾಯಿಗೆ ಕೂರಿಸಿ, ಎಲ್ಲಿ ಎತ್ತರವಾಗಿದೆ ಎಂದು ನೋಡಲು ನೀಲಿ ಕಾಗದವನ್ನು ಹಲ್ಲುಗಳ ನಡುವೆ ಇಟ್ಟಳು.

"ಕಚ್ಚಿ ಹಿಡೀರಿ. ಬಿಡಬೇಡಿ."

ಅವರು ಕಚ್ಚಿದರು. ಇದೇ ಸಮಯವೆಂದು ಅವಳು ಎಲ್ಲವನ್ನೂ ಹೇಳಿಬಿಟ್ಟಳು, ಹಳೆಯ ಮಾಡು, ಹನಿ, ಏಳು ವಾರ, ಬಾಟಲಿಯ ಮುಚ್ಚಳ. ಅವರ ಕಣ್ಣು ದೊಡ್ಡದಾಗುತ್ತಾ ಹೋಯಿತು. ಗಂಟಲಿನಿಂದ ಏನೋ ಸದ್ದು ಬಂತು. "ಇನ್ನೂ ಸ್ವಲ್ಪ ಹೊತ್ತು ಸಾರ್," ಎಂದು ಕೊನೆಯವರೆಗೂ ಹೇಳಿ ಮುಗಿಸಿ ಕಾಗದ ತೆಗೆದಳು.

"ನಲವತ್ತು ವರ್ಷ ಕೌಂಟರ್ ಹಿಂದೆ ಕೂತು ಊರವರ ಸಮಾಚಾರ ಎಲ್ಲಾ ಕೇಳಿದೀನಿ," ಎಂದರು ಅವರು ದವಡೆ ತಿಕ್ಕಿಕೊಳ್ಳುತ್ತಾ. "ನನ್ನ ಬಾಯಿಗೆ ಬೀಗ ಜಡಿದು ಹೇಳಿದೋರು ನೀವೊಬ್ಬರೇ."

"ಕೋಪ ಬಂತಾ ಸಾರ್?"

"ಬರದೆ ಏನು? ಸೊಂಟ ಇನ್ನೂ ಹಿಡ್ಕೊಂಡಿದೆ. ಅದಿರಲಿ, ಆ ಯಂತ್ರದೋನಿಗೆ ನೋಟೀಸ್ ಕೊಟ್ಟಿದಾರೆ. ಅದನ್ನ ನೀವೇ ಬಗೆಹರಿಸ್ಬೇಕು, ನಾನು ಹೇಳೋದಿಲ್ಲ."

"ಹೇಳ್ತೀನಿ. ಆಮೇಲೆ ನನ್ನನ್ನ ಒಳಗೆ ಬಿಡಲ್ಲ."

ಅವರು ದವಡೆ ಆಡಿಸಿ ನೋಡಿಕೊಂಡು ಎದ್ದರು. ಬಾಗಿಲ ತನಕ ಹೋದವರು ತಿರುಗಿ ನಿಂತು, "ಎಷ್ಟು ಎತ್ತರ ಬೇಕು ಅದು?" ಎಂದರು.

"ಎತ್ತರದ ಮಾತಲ್ಲ ಸಾರ್. ಅಲ್ಲಿ ಏನೋ ಒಂದಿದೆ ಅಂತ ಕಾಲಿಗೆ ಗೊತ್ತಾಗ್ಬೇಕು, ಅಷ್ಟೇ."

ಭಾನುವಾರ ಎಲ್ಲರೂ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಅವಳು ಎದ್ದು ನಿಂತು ಹೇಳಿದಳು. ಈ ಸಲ ಯಾರ ಬಾಯಿಯಲ್ಲೂ ಕಾಗದವಿರಲಿಲ್ಲ. ಅವಳು ಯಂತ್ರದವನ ಕಡೆ ತಿರುಗಿ, "ತಪ್ಪಾಯ್ತು ಅಣ್ಣಾ. ಆಫೀಸಿಗೆ ಕಾಗದ ಬರೆದು ಕೊಟ್ಟು ಬಂದಿದೀನಿ," ಎಂದಳು.

ಅವನು ಕೈಯಲ್ಲಿದ್ದ ಟೀ ಲೋಟವನ್ನೇ ನೋಡುತ್ತಾ, "ಏಳು ವರ್ಷದಿಂದ ಐಸು ನುಣ್ಣಗೆ ಮಾಡೋಕೆ ಒದ್ದಾಡ್ತಿದೀನಿ. ಬುಗುಟು ಬೇಕು ಅಂದೋರು ನೀವೇ ಮೊದಲು," ಎಂದ. ನಗಲಿಲ್ಲ.

ಟೀಚರು ಅವಳ ಕಡೆ ತಿರುಗಿದರು. "ಮುಂದಿನ ನಾಲ್ಕು ಭಾನುವಾರ ನೀವು ಬರಬೇಡಿ. ಇವತ್ತು ಹೇಗೂ ಬಂದಾಗಿದೆ, ಆಡಿ ಹೋಗಿ. ನಾಲ್ಕು ವಾರ ಕಳೆದ ಮೇಲೆ ಬರೋದು ಬಿಡೋದು ನಿಮಗೆ ಸೇರಿದ್ದು."

ನಲವತ್ತಾರರ ಮೊಣಕಾಲಿಗೆ ನಾಲ್ಕು ವಾರ ಎಂದರೆ ಸಣ್ಣದಲ್ಲ. ಇವತ್ತು ಬರದ ಜಿಗಿತಕ್ಕಾಗಿ ಮತ್ತೆ ಎರಡು ಬಸ್ಸು ಹಿಡಿದು ಬರುವಷ್ಟು ಹಟ ತನ್ನಲ್ಲಿಲ್ಲವೆಂದು ಅವಳಿಗೆ ಗೊತ್ತಿತ್ತು. ಗೋಡೆಯ ಪಕ್ಕದಲ್ಲೇ ಎರಡು ಸುತ್ತು ಹಾಕಿದಳು. ಮೂಲೆ ಬಂದಾಗ ಕಾಲು ವಾಲಿತು. ಹಾರಲಿಲ್ಲ.

ಪೋಸ್ಟ್‌ಮಾಸ್ಟರ ಪಾಳಿ ಬಂತು. ಅವರು ಕಿತ್ತಳೆ ಪಟ್ಟಿಯನ್ನು ತೆಗೆದುಕೊಂಡು ಬಂದು ಅವಳ ಹೆಗಲಿಗೆ ಹಾಕಿದರು. "ನನ್ನ ಪಾಳಿ ಇವರಿಗೆ," ಎಂದು ಟೀಚರಿಗೆ ಹೇಳಿ, ಸೊಂಟಕ್ಕೆ ಕೈಕೊಟ್ಟುಕೊಂಡು ಮೆಲ್ಲಗೆ ಆ ಮೂಲೆಗೆ ಹೋದರು. ಅಲ್ಲಿ ಕಾಲು ಜೋಡಿಸಿ, ಕೈ ಕಟ್ಟಿ ನಿಂತರು.

"ಸಾರ್, ಏನ್ಮಾಡ್ತಿದೀರಿ?"

"ನಾನೇ ಬುಗುಟು. ಬನ್ನಿ," ಎಂದರು. "ಸ್ವಲ್ಪ ನೋಡ್ಕೊಂಡು. ಹಲ್ಲು ಈಗಷ್ಟೇ ಕೂತಿದೆ."

ಹಾಗೆಂದವರು ಭಯಕ್ಕೆ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಹಾಡು ಶುರುವಾಯಿತು. ಅವಳು ಆಚೆಯ ತುದಿಯಿಂದ ಹೊರಟಳು.

ಗಂಟೆ ಮುಗಿದು ಎಲ್ಲರೂ ಹೊರಗೆ ಬಂದರು. ಅವಳು ಬೆಂಚಿನ ಮೇಲೆ ಕೂತು ಲೇಸು ಬಿಚ್ಚುತ್ತಿದ್ದಳು. ಯಂತ್ರದವನು ಯಂತ್ರ ಹತ್ತಿ ಅಂಚಿನಿಂದ ಐಸು ಒರೆಸಿಕೊಂಡು ಬಂದ. ಆ ಮೂಲೆಗೆ ಬಂದಾಗ ಯಂತ್ರ ನಿಂತಿತು. ಅವನು ಸೀಟಿನಿಂದ ಬಗ್ಗಿ ನೋಡಿದ. ಐಸಿನ ಮೇಲೆ ಜೋಡಿಸಿಟ್ಟ ಎರಡು ಸ್ಕೇಟುಗಳು ಒತ್ತಿದ ಗುರುತು. ಅದನ್ನು ಬಳಸಿಕೊಂಡು ಬಂದ ಒಂದು ಬಾಗಿದ ಗೆರೆ. ಆಮೇಲೆ ಒಂದು ಮಾರು ಉದ್ದಕ್ಕೆ ಏನೂ ಇಲ್ಲದ ಐಸು. ಆಮೇಲೆ ಮತ್ತೆ ಗೆರೆ, ಒಂದೇ ಕಾಲಿನದು, ಎಲ್ಲಿಯೂ ನಡುಗದೆ ಹಿಂದಕ್ಕೆ ಸಾಗಿ ಹೋದದ್ದು.

ಲೇಸಿನ ಮೇಲೆ ಅವಳ ಬೆರಳು ನಿಂತಿತು. ಯಂತ್ರದವನು ನೆಟ್ಟಗೆ ಕೂತ. ಆಮೇಲೆ ಸ್ಟೀರಿಂಗ್ ತಿರುಗಿಸಿ, ಆ ಮೂಲೆಯನ್ನು ಬಳಸಿಕೊಂಡು ಮುಂದೆ ಹೋದ.